ತೂಕದ ಅಂದಪ್ಪನ ತುಲಾಭಾರ

ನರಗುಂದದ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಕಾಳು ತೂಗಿದ ಅಂದಪ್ಪನಿಗೆ ತೂಗಲು ಬಾರದ ವಸ್ತು ಊರಲ್ಲಿ ಒಂದೇ ಒಂದಿತ್ತು. ಅದು ಅವನ ಹೆಂಡತಿ ಕಲ್ಲವ್ವ. ಈ ಸಂಗತಿ, ಯುಗಾದಿಯ ಮರುದಿನ ಆಕೆ ಬಚ್ಚಲಲ್ಲಿ ಜಾರಿ ಬೀಳುವವರೆಗೆ, ಅವನಿಗೂ ಗೊತ್ತಿರಲಿಲ್ಲ.

ಅಂದಪ್ಪನ ಕೈಯೆಂದರೆ ತೂಕದ ಕಾಟಾ ಇದ್ದಂತೆ. ಚೀಲದ ಕಿವಿ ಹಿಡಿದು ಒಂದು ಮಗ್ಗಲು ಗೇಣೆತ್ತರ ಎತ್ತಿದರೆ ಸಾಕು, "ನಲವತ್ತೊಂಬತ್ತೂ!" ಎಂದು ಮಾರುಕಟ್ಟೆಯ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ. ಕಾಟಾದ ಮೇಲಿಟ್ಟರೆ ನಲವತ್ತೊಂಬತ್ತೇ ಇರುತ್ತಿತ್ತು. ಒಮ್ಮೆ ಕಾಟಾ ಐವತ್ತು ತೋರಿಸಿದಾಗ ಕಾಟಾವನ್ನು ರಿಪೇರಿಗೆ ಕಳಿಸಿದರು, ಅಂದಪ್ಪನನ್ನು ಯಾರೂ ಏನೂ ಅನ್ನಲಿಲ್ಲ. ಪೂರ್ತಿ ಚೀಲ ಎತ್ತುವುದು ಹಮಾಲರ ಕೆಲಸ, ತೂಕ ಹೇಳುವುದು ತನ್ನ ಕೆಲಸ ಎಂದು ಅವನು ನಂಬಿದ್ದ. ತೂಕ ಕೂಗಿದ ಮೇಲೆ "ಹೂಂ, ಆತು" ಎನ್ನುವುದು ಅವನ ರೂಢಿ. ಮೂವತ್ತೊಂದು ವರ್ಷದಲ್ಲಿ ಆ ಮಾತು ನಾಲಿಗೆಗೆ ಅಂಟಿಕೊಂಡು, ಯಾರು ಏನು ಹೇಳಿದರೂ "ಹೂಂ, ಆತು" ಎಂದೇ ಬರುತ್ತಿತ್ತು. ಇದರಿಂದ ಮುಂದೆ ಆದ ಅನಾಹುತವನ್ನು ಆ ಸ್ಥಳದಲ್ಲಿಯೇ ಹೇಳುತ್ತೇನೆ.

"ರೀ, ಬಿದ್ದೇನ್ರಿ!" ಎಂದು ಕಲ್ಲವ್ವ ಕೂಗಿದ ಕೂಡಲೇ ಅಂದಪ್ಪ ಓಡಿಹೋದ. ಕಂಕುಳಲ್ಲಿ ಕೈ ಹಾಕಿ ಎತ್ತಿದ. ಕಲ್ಲವ್ವ ಏಳಲಿಲ್ಲ, ಅಂದಪ್ಪ ಕುಳಿತ. ಎದ್ದು ಮತ್ತೊಮ್ಮೆ ಎತ್ತಿದ. ಈ ಸಲ ಆಕೆಯ ಪಕ್ಕದಲ್ಲಿಯೇ ಹೋಗಿ ಒರಗಿದ. ಮೂರನೆಯ ಸಲ ಪ್ರಯತ್ನಿಸುವ ಹೊತ್ತಿಗೆ ಕಲ್ಲವ್ವನೇ, "ಸಾಕ ಬಿಡ್ರಿ, ನಿಮ್ಮ ಸೊಂಟಾನೂ ಹೋದೀತು. ಮಾಸ್ತರ್ನ ಕರೀರಿ," ಎಂದಳು.

ಮಾಸ್ತರನೆಂದರೆ ಪಕ್ಕದ ಮನೆಯ ನಾನು. ಪೂಜೆಗೆ ಕುಳಿತಿದ್ದವನು ಲಿಂಗವನ್ನು ಕರಡಿಗೆಯಲ್ಲಿಟ್ಟು ಓಡಿದೆ. ಎದುರುಮನೆಯಿಂದ ಹಮಾಲರ ಮುಖ್ಯಸ್ಥ ಕನಕಪ್ಪನೂ ಅವನ ಹೆಂಡತಿ ಸುಶೀಲವ್ವನೂ ಬಂದರು. ಕನಕಪ್ಪ ಒಬ್ಬನೇ, ಗೋಧಿ ಚೀಲ ಎತ್ತಿದಷ್ಟು ಸುಲಭವಾಗಿ ಕಲ್ಲವ್ವನನ್ನು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದ. ಇದು ಉಪಕಾರವೇ. ಆದರೆ ಆ ಉಪಕಾರವನ್ನು ನೋಡುತ್ತ ಗೋಡೆಗೆ ಒರಗಿ ನಿಂತಿದ್ದ ಅಂದಪ್ಪನ ಮುಖ, ಸ್ವಂತ ಮನೆಯಲ್ಲಿ ಬೇರೆಯವರು ಕೂಗಿದ ತೂಕ ಕೇಳಿದವನ ಹಾಗೆ ಇತ್ತು.

ಎಲುಬು ಮುರಿದಿರಲಿಲ್ಲ. ಮೊಣಕಾಲು ಉಳುಕಿತ್ತು. ಎರಡು ತಿಂಗಳು ಕೋಲು ಹಿಡಿದು ನಡೆಯಬೇಕೆಂದು ದವಾಖಾನೆಯ ಡಾಕ್ಟರು ನಾಜಮೀನ ಹೇಳಿದರು. ಕಲ್ಲವ್ವ ಅಂದಿನಿಂದ ಎರಡು ರೊಟ್ಟಿಯ ಬದಲು ಒಂದೇ ರೊಟ್ಟಿ ತಿನ್ನತೊಡಗಿದಳು. ಕೇಳಿದರೆ, "ನಾ ದಪ್ಪ ಅದೀನಿ. ಮತ್ತ ಬಿದ್ರ ಮಂದಿಗೆ ತ್ರಾಸ," ಎಂದಳು.

ಅಂದು ಸಂಜೆ ಅಂದಪ್ಪ ನನ್ನ ಕಟ್ಟೆಗೆ ಬಂದು ಕುಳಿತ.

"ಮಾಸ್ತರ್ರ, ಮೂವತ್ತು ವರ್ಷ ನನ್ನ ಕೂಡ ಬಾಳೇ ಮಾಡ್ಯಾಳ. ಆಕಿ ಬಿದ್ರ ನನಗ ಎತ್ತಾಕ ಬರಂಗಿಲ್ಲ. ನಾ ಎಂಥಾ ಗಂಡಸು?"

"ಮಾರುಕಟ್ಟೀಗೆ ಬೇಕಾದ ಗಂಡಸು," ಎಂದೆ.

"ಚ್ಯಾಷ್ಟಿ ಮಾಡಬ್ಯಾಡ್ರಿ. ಆಕಿನ್ನ ನಾನ ಎತ್ತಬೇಕು. ಅದಕ್ಕ ತಾಕತ್ತು ಬೇಕು. ಆದ್ರ ಆಕಿಗೆ ಗೊತ್ತಾಗಬಾರದು. ಗೊತ್ತಾತಂದ್ರ, ನನ್ನ ಸಲುವಾಗಿ ಹಿಂಗ ಮಾಡಾಕತ್ತಾರಂತ ಆ ಒಂದು ರೊಟ್ಟಿನೂ ಬಿಡ್ತಾಳ."

ನಾನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ನಮ್ಮ ಮನೆಯಾಕೆ ತೀರಿಹೋಗಿ ಎರಡು ವರ್ಷವಾಗಿತ್ತು. ಹೇಳಲು ಮನೆಯಲ್ಲಿ ಯಾರಿದ್ದರು?

ಅಂದಪ್ಪ ತಾಕತ್ತಿನ ಶಾಸ್ತ್ರವನ್ನು ಫೋನಿನಲ್ಲಿ ಕಲಿತ. ಫೋನಿನಲ್ಲಿ ಒಬ್ಬ ಪೈಲವಾನ, ಹೊಟ್ಟೆಯ ಮೇಲೆ ಆರು ಗೆರೆ ಉಳ್ಳವನು, ಸವತೆಕಾಯಿ ಮತ್ತು ಮೊಳಕೆಕಾಳು ಬಿಟ್ಟು ಬೇರೆ ಏನೂ ತಿನ್ನಬಾರದು ಎನ್ನುತ್ತಿದ್ದ. ಅವನು ಹೇಳುತ್ತಿದ್ದುದು ಬೊಜ್ಜು ಇಳಿಸುವವರಿಗೆ. ಅಂದಪ್ಪನಲ್ಲಿ ಇಳಿಸುವ ಬೊಜ್ಜೇ ಇರಲಿಲ್ಲ. ಇದ್ದ ಐವತ್ತನಾಲ್ಕು ಕಿಲೋದಲ್ಲಿ ಎಲುಬು ಎಷ್ಟು, ಸಿಟ್ಟು ಎಷ್ಟು ಎಂದು ಹೇಳುವುದು ಕಷ್ಟ. ಆದರೂ ಬೆಳಿಗ್ಗೆ ನನ್ನ ಹಿತ್ತಲಿಗೆ ಬಂದು ರುಬ್ಬುಗುಂಡು ಎತ್ತುವನು, ಮಧ್ಯಾಹ್ನ ಸವತೆಕಾಯಿ ಕಡಿಯುವನು. ಒಂದು ತಿಂಗಳಾಗುವ ಹೊತ್ತಿಗೆ ಮಾರುಕಟ್ಟೆಯ ನಡುವೆ, ಕಡಲೆಯ ರಾಶಿಯ ಮುಂದೆ, ಅವನ ಧೋತರ ತಾನಾಗಿಯೇ ಇಳಿಯಿತು. ಅದನ್ನು ಹಿಡಿಯಲು ಬಗ್ಗಿದವನು ಕಣ್ಣಿಗೆ ಕತ್ತಲೆ ಬಂದು ಕಡಲೆಯ ಮೇಲೆಯೇ ಮಲಗಿದ. ಹಮಾಲರು ಅವನನ್ನು ದವಾಖಾನೆಗೆ ಹೊತ್ತು ಒಯ್ದರು. ಹೋಗುವಾಗ ಕನಕಪ್ಪ ಮಾರುಕಟ್ಟೆಯ ಕಾಟಾದ ಮೇಲೆ ಅವನನ್ನು ಒಂದು ಕ್ಷಣ ಇಟ್ಟು ನೋಡಿದ. ಐವತ್ತು.

ಡಾಕ್ಟರು ನಾಜಮೀನ ಎಲ್ಲ ಕೇಳಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಾಕಾ, ಭಾರ ಎತ್ತವ್ರು ಉಪಾಸ ಇರ್ತಾರೇನ್ರಿ? ಒಲಿಗೆ ಕಟಗಿ ಹಾಕಲಾರದ ರೊಟ್ಟಿ ಬೇಯಸ್ತೀರೇನು? ನೀವು ಭಾರ ಎತ್ತೀರಿ, ಹೊಟ್ಟೀಗೆ ಹಾಕಿಲ್ಲ. ಮೈ ತನ್ನ ಖಂಡಾನ ತಾನ ಸುಟ್ಟುಕೊಂಡೈತಿ."

"ಹಂಗಾದ್ರ ಏನ್ ತಿನ್ಲಿರಿ?"

"ಮನ್ಯಾಗ ಏನೈತಿ?"

"ರೊಟ್ಟಿ ಐತಿ, ಬ್ಯಾಳಿ ಐತಿ. ಮಡಕಿಕಾಳು, ಹೆಸರುಕಾಳು ಅದಾವ. ಎಮ್ಮಿ ಹಾಲು, ಮೊಸರು. ಶೇಂಗಾ ಚಟ್ನಿ."

"ಮತ್ತ ಇನ್ನೇನು ಬೇಕ್ರಿ? ಹೊತ್ತೊತ್ತಿಗೆ ಕಾಳಿನ ಪಲ್ಯ ತಿನ್ರಿ, ಮೊಸರು ತಿನ್ರಿ. ಭಾರ ಎತ್ತಿದ ಮ್ಯಾಲ ಒಂದು ತಂಬಗಿ ಹಾಲು ಕುಡೀರಿ. ಹಸಿದ ಹೊಟ್ಟೀಲೆ ಎತ್ತಬ್ಯಾಡ್ರಿ. ಒಂದಿನ ಎತ್ರಿ, ಒಂದಿನ ಬಿಡ್ರಿ. ಬೆನ್ನು ನೆಟ್ಟಗ ಇಟ್ಟು, ಮೊಣಕಾಲು ಬಗ್ಗಿಸಿ, ಭಾರಾನ ಎದಿಗೆ ಹತ್ತರ ಹಿಡೀರಿ. ವಾರಕ್ಕೊಮ್ಮೆ ತೂಕ ನೋಡ್ಕೋರಿ. ಇಳಿದ್ರ ಇನ್ನೊಂದು ರೊಟ್ಟಿ ಹೆಚ್ಚ ಮಾಡ್ರಿ. ಶ್ರಾವಣದ ತನಕ ತೂಕ ಇಳೀಗೊಡಬ್ಯಾಡ್ರಿ. ಆಮ್ಯಾಲ ನನಗ ಬಂದು ತೋರಸ್ರಿ. ಒಪ್ಪಿದ್ರೇನು?"

"ಹೂಂ, ಆತು," ಎಂದ ಅಂದಪ್ಪ.

ತೂಕದ ಮನುಷ್ಯನಿಗೆ ವಾರಕ್ಕೊಮ್ಮೆ ಎಂದರೆ ಮನಸ್ಸು ಕೇಳೀತೆ? ಅವನು ದಿನಾಲೂ ಮಾರುಕಟ್ಟೆ ತೆರೆಯುವ ಮೊದಲು ಚಪ್ಪಲಿ ಬಿಟ್ಟು, ರುಮಾಲು ತೆಗೆದಿಟ್ಟು, ಕೈ ಮುಗಿದು ಕಾಟಾದ ಮೇಲೆ ನಿಲ್ಲತೊಡಗಿದ. ಕಾಟಾಕ್ಕೆ ಕೈ ಮುಗಿಯುವುದು ಅವನ ಮೂವತ್ತೊಂದು ವರ್ಷದ ಪದ್ಧತಿ, ಹೊಸದೇನಲ್ಲ. ಆದರೆ ಕೈ ಮುಗಿದು, ಕಣ್ಣು ಮುಚ್ಚಿ, ಸ್ವತಃ ತಕ್ಕಡಿ ಏರಿ ನಿಂತ ಮನುಷ್ಯನನ್ನು ಕಂಡರೆ ಏನು ತಿಳಿಯಬೇಕು? ನಾಲ್ಕನೆಯ ದಿನ ಕನಕಪ್ಪ ಕೇಳಿಯೇಬಿಟ್ಟ.

"ಅಂದಪ್ಪಣ್ಣ, ದಿನಾ ನಿನ್ನ ನೀನ ಯಾಕ ತೂಗ್ಕೊಂತಿ? ನಿನ್ನೇನರೆ ಲಿಲಾವಿನ್ಯಾಗ ಮಾರಾಕ ಹಚ್ಚ್ಯಾರೇನು?"

"ಅದೊಂದು ಐತಿ."

"ಏನೈತಿ?"

"ಶ್ರಾವಣದ ತನಕ ತೂಕ ಇಳೀಬಾರದು. ಮಾತು ಕೊಟ್ಟೀನಿ."

"ಯಾರಿಗೆ?"

ಡಾಕ್ಟರಿಗೆ ಎಂದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದರೆ ಕಲ್ಲವ್ವನ ಸಂಗತಿ ಹೇಳಬೇಕಾಗುತ್ತದೆ. ಆಕೆಯನ್ನು ಎತ್ತಿದವನು ಇವನೇ ಬೇರೆ. ಅಂದಪ್ಪ ಮೇಲೆ ನೋಡಿದ. ಅವನು ನೋಡಿದ್ದು ಮಾರುಕಟ್ಟೆಯ ತಗಡಿನ ಮಾಡನ್ನು. ಕನಕಪ್ಪ ತಿಳಿದದ್ದು ಅದರಾಚೆಯ ದೇವರನ್ನು.

ತೂಕ, ಶ್ರಾವಣ, ಮೇಲಿನವನಿಗೆ ಕೊಟ್ಟ ಮಾತು. ಈ ಮೂರನ್ನು ಕೂಡಿಸಿದರೆ ನಮ್ಮ ಕಡೆ ಬರುವ ಉತ್ತರ ಒಂದೇ: ತುಲಾಭಾರ. ಹರಕೆ ಹೊತ್ತವನು ಮಠದ ತಕ್ಕಡಿಯಲ್ಲಿ ಕುಳಿತು, ತನ್ನ ತೂಕದಷ್ಟು ಬೆಲ್ಲ ಒಪ್ಪಿಸುವುದು. ಆ ಬೆಲ್ಲದಿಂದ ಮಠದಲ್ಲಿ ಮಾದಲಿ ಮಾಡಿ ಬಂದವರಿಗೆಲ್ಲ ಉಣಬಡಿಸುವುದು.

ಸಂಜೆಯೊಳಗೆ ಸುದ್ದಿ ಸುಶೀಲವ್ವನಿಗೆ ಮುಟ್ಟಿತು. ಸುಶೀಲವ್ವನಿಗೆ ಮುಟ್ಟಿದ ಮೇಲೆ ಇನ್ನಾರಿಗೆ ಮುಟ್ಟಿತೆಂದು ಹೇಳುವ ಅಗತ್ಯವಿಲ್ಲ. ಆಕೆ ನೀರಿನ ನಳದ ಹತ್ತಿರ ನಿಂತು ಕೊಡ ತುಂಬಿ ಹರಿಯುವುದನ್ನೂ ಮರೆತು ಹೇಳಿದಳು:

"ಮಂದಿ ತುಲಾಭಾರ ಅಂದ್ರ ವಾರಗಟ್ಲೆ ಉಪಾಸ ಮಾಡಿ ಹಗುರ ಆಗಿ ಬಂದು ಕುಂದರ್ತಾರವ್ವಾ. ನಮ್ಮ ಅಂದಪ್ಪಣ್ಣಾರ್ನ ನೋಡ್ರಿ! ದೇವ್ರಿಗೆ ಒಂದು ತೊಲಿ ಮೋಸ ಆಗಬಾರದಂತ ತಿಂದು ಕುಂತಾರ!"

"ಶರಣ ಬಿಡ, ಶರಣ!" ಎಂದಳು ಇನ್ನೊಬ್ಬಾಕೆ.

ಹೀಗೆ ರೊಟ್ಟಿ ತಿನ್ನುವುದರಿಂದ ಶರಣನಾದ ಮೊದಲ ಮನುಷ್ಯ ನಮ್ಮ ಓಣಿಯವನೇ ಎಂಬುದು ನನಗೆ ಹೆಮ್ಮೆಯ ವಿಷಯ.

ಮರುದಿನದಿಂದ ಓಣಿಯ ಅಡುಗೆ ಮನೆಗಳು ಅಂದಪ್ಪನ ಕಡೆಗೆ ತಿರುಗಿದವು. ಒಬ್ಬರ ಮನೆಯಿಂದ ಮಡಕಿಕಾಳಿನ ಉಸಳಿ, ಒಬ್ಬರ ಮನೆಯಿಂದ ಝುಣಕ, ಒಬ್ಬರ ಮನೆಯಿಂದ ಗಟ್ಟಿ ಮೊಸರು. ಶೇಂಗಾ ಹೋಳಿಗೆ ಬಂದಾಗ ಅವನು, "ಒಂದು ಸಾಕ್ರಿ. ಸಿಹಿಗಿಂತ ಕಾಳು ಚಲೋ," ಎಂದ. ಡಾಕ್ಟರ ಮಾತನ್ನು ಹೇಳಿದ್ದು ಅಷ್ಟೇ. ಸುಶೀಲವ್ವ ಅದನ್ನು, "ನಾಲಗಿ ಗೆದ್ದಾರವ್ವಾ!" ಎಂದು ಹಬ್ಬಿಸಿದಳು. ಚಿಕ್ಕನರಗುಂದದಿಂದ ಹೆಸರುಕಾಳು ಮಾರಲು ಬಂದ ಒಬ್ಬ ಮುದುಕಿ, ಚೀಲ ಇಳಿಸಿದವಳೇ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅಂದಪ್ಪ ಗಾಬರಿಯಿಂದ ಹಿಂದೆ ಸರಿದು ಕಾಟಾದ ಮೇಲೆಯೇ ಬಿದ್ದ.

ಆಮೇಲೆ ನನ್ನ ಹತ್ತಿರ ಬಂದು, "ಮಾಸ್ತರ್ರ, ವ್ಯಾಯಾಮ ಮಾಡಿದ್ರ ಮಂದಿ ಎಷ್ಟ ಮರ್ಯಾದಿ ಕೊಡ್ತಾರ ನೋಡ್ರಿ! ಮೊದಲ ಮಾಡಬೇಕಾಗಿತ್ತು," ಎಂದ.

ವ್ಯಾಯಾಮ ನನ್ನ ಹಿತ್ತಲಿನಲ್ಲಿ ನಡೆಯುತ್ತಿತ್ತು. ಒಂದು ಚೀಲದಲ್ಲಿ ಇಪ್ಪತ್ತು ಕಿಲೋ ಜೋಳ ಹಾಕಿ, ಅದನ್ನು ಎದೆಗೆ ಅವಚಿಕೊಂಡು ಕೂತು ಏಳುವುದು. ಪ್ರತಿ ಸೋಮವಾರ ಮೂರು ಕಿಲೋ ಹೆಚ್ಚು ಹಾಕುವುದು. ಆಮೇಲೆ ನಾನು ಹಾಲು ಕೊಡಬೇಕು. ಡಾಕ್ಟರು ಒಂದು ತಂಬಿಗೆ ಎಂದಿದ್ದರಿಂದ ಅವನಿಗೆ ತಂಬಿಗೆಯೇ ಆಗಬೇಕು, ಲೋಟ ನಡೆಯದು. ನಾನು ಕಪಾಟಿನ ಮೇಲಿಂದ 'ಸಿದ್ದವ್ವ' ಎಂದು ಮನೆಯಾಕೆಯ ಹೆಸರು ಕೊರೆಸಿದ ಸ್ಟೀಲಿನ ತಂಬಿಗೆ ಇಳಿಸಿದೆ. ಎರಡು ವರ್ಷದಿಂದ ಅದನ್ನು ಯಾರೂ ಇಳಿಸಿರಲಿಲ್ಲ. ಧೂಳು ಒರೆಸಿ, ಬೂದಿ ಹಚ್ಚಿ ತಿಕ್ಕಿದೆ. ಹಾಲು ಹಾಕಿದರೆ ಹೊಳೆಯಿತು.

ಜೂನ್ ತಿಂಗಳಲ್ಲಿ ಅಂದಪ್ಪ ಐವತ್ತಮೂರಾದ. ಜುಲೈಯಲ್ಲಿ ಐವತ್ತಾರು. ತೋಳಿಗೆ ಅಂಗಿ ಬಿಗಿಯಾಯಿತು. ಊರೆಲ್ಲ ಹಿಗ್ಗಿತು. ಹಿಗ್ಗದವಳು ಒಬ್ಬಳೇ, ಕಲ್ಲವ್ವ.

ನಮ್ಮೆರಡು ಮನೆಗೆ ಗೋಡೆ ಒಂದೇ. ಕೇಳಬಾರದೆಂದರೂ ಕೇಳುತ್ತಿತ್ತು.

"ರೀ, ಮೂರು ರೊಟ್ಟಿ ಆದೂವು."

"ಹೂಂ. ನಾಲ್ಕನೇದ್ದು ಹಾಕು."

"ಈ ವಯಸ್ಸಿನಾಗ ನಾಲ್ಕು ಯಾರ ತಿಂತಾರ್ರಿ? ಮೈ ಭಾರ ಆಗ್ತೈತಿ."

"ಆಗ್ಲಿ. ಮೊಸರು ಎಲ್ಲೈತಿ?"

"ಮಜ್ಜಿಗಿ ಐತಿ, ಕುಡೀರಿ."

"ನಿನ್ನೆ ಎಮ್ಮಿ ನಾಲ್ಕು ಸೇರು ಹಿಂಡೈತಲ್ಲ?"

"ಬೆಕ್ಕು ಕುಡೀತು."

ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಅಂದಪ್ಪ ಅರ್ಧಹೊಟ್ಟೆಯಲ್ಲಿ ಎದ್ದು ಬಂದು ನನ್ನ ಮನೆಯಲ್ಲಿ ಉಳಿದರ್ಧ ಊಟ ಮಾಡತೊಡಗಿದ. ನಾನು ಒಬ್ಬನಿಗಾಗಿ ಬೇಳೆ ಬೇಯಿಸುವುದನ್ನು ಬಿಟ್ಟು ಇಬ್ಬರಿಗೆ ಬೇಯಿಸತೊಡಗಿದೆ. ಉಪ್ಪು ಹೆಚ್ಚಾದರೆ ಅವನು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. ಬಹಳ ದಿನದಿಂದ ನನ್ನ ಅಡುಗೆಗೆ ಹಾಗೆ ಹೇಳುವವರಿರಲಿಲ್ಲ.

ಪಂಚಮಿಗೆ ವಾರವಿರುವಾಗ ಒಂದು ಮಧ್ಯಾಹ್ನ ಕಲ್ಲವ್ವ ನಿಧಾನವಾಗಿ ನಡೆದು ನಮ್ಮ ಕಟ್ಟೆಗೆ ಬಂದಳು. ಕೋಲು ಬಿಟ್ಟಿದ್ದಳು. ಎತ್ತರದ ಮೆಟ್ಟಿಲು ಮಾತ್ರ ಏರಲು ಆಗುತ್ತಿರಲಿಲ್ಲ. ಸುತ್ತ ನೋಡಿ ಸೆರಗು ಸರಿಮಾಡಿಕೊಂಡು ಕೇಳಿದಳು:

"ಮಾಸ್ತರ್ರ, ನೀವು ಓದಿದವ್ರು. ತುಲಾಭಾರಕ್ಕ ಹರಕಿ ಹೊತ್ತ ದಿನದ ತೂಕ ನಡೀತೈತ್ಯೋ, ಕುಂತ ದಿನದ ತೂಕ ನಡೀತೈತ್ಯೋ?"

"ಯಾರ ಹರಕಿ, ತಂಗೀ?"

"ನಂದ್ರಿ. ಕಾಲ ನೆಟ್ಟಗಾಗಿ ಕೋಲು ಬಿಟ್ರ ಶ್ರಾವಣದಾಗ ತುಲಾಭಾರ ಮಾಡಸ್ತೀನಿ ಅಂತ ಬೇಡ್ಕೊಂಡಿದ್ದೆ. ಅವರ ತೂಕದ ಬೆಲ್ಲ."

"ಕಾಲು ನಿಂದು, ತೂಕ ಅವಂದ್ಯಾಕ?"

ಕಲ್ಲವ್ವ ನೆಲ ನೋಡಿದಳು. "ನನ್ನ ತೂಕ ಹೇಳಿದ್ರ ದೇವ್ರಿಗೂ ಗಾಬರಿ ಆಗ್ತಿತ್ತ್ರಿ. ಆವಾಗ ಅವ್ರು ಸವತೀಕಾಯಿ ತಿಂದು ಕಡ್ಡಿ ಆಗಿದ್ರು. ಕನಕಪ್ಪ ಐವತ್ತು ಕಿಲೋ ಅಂದ. ಲಗೂ ಹತ್ತತ್ತು ಕಿಲೋದ್ದು ಐದು ಪೆಂಟಿ ಬೆಲ್ಲ ತರಿಸಿ ಜ್ವಾಳದ ಚೀಲದ ಹಿಂದ ಮುಚ್ಚಿಟ್ಟೀನಿ. ಈಗ ನೋಡಿದ್ರ ದಿನಾ ಏರಾಕತ್ತಾರ! ಯಾರೋ ನನ್ನ ಹರಕಿ ಸುದ್ದಿ ಊರಿಗೆಲ್ಲ ಹೇಳ್ಯಾರ. ಅವರ ಕಿವೀಗೂ ಬಿದ್ದೈತಿ. ದೇವ್ರಿಗೆ ಕಮ್ಮಿ ಆಗಬಾರದಂತ ಹಟ ಹಿಡಿದು ತಿನ್ನಾಕತ್ತಾರ. ನನಗೊಂದು ಮಾತು ಹೇಳವಲ್ರು, ಬೈಯವಲ್ರು. ಅದಕ್ಕ ಇನ್ನೂ ಅಂಜಿಕಿ ಬರ್ತೈತ್ರಿ. ನಾ ಬಂದು ಕೇಳಿದ್ದು ಅವ್ರಿಗೆ ಹೇಳಬ್ಯಾಡ್ರಿ."

ಊರು ಸುಳ್ಳೇ ಹಬ್ಬಿಸಿದ ಸುದ್ದಿ ಖರೇ ಇತ್ತು! ಗಂಡನ ಗುಟ್ಟು ನನ್ನ ಎಡಗಿವಿಯಲ್ಲಿತ್ತು, ಹೆಂಡತಿಯ ಗುಟ್ಟು ಬಲಗಿವಿಗೆ ಬಿತ್ತು. ಎರಡಕ್ಕೂ ಮಾತು ಕೊಟ್ಟವನು ನಾನೇ. ಆ ವಾರ ಬಾಯಿ ತೆರೆದರೆ ಯಾವುದಾದರೊಂದು ಬಿದ್ದೀತೆಂದು, ಪೂಜೆಯ ಮಂತ್ರವನ್ನೂ ನಾನು ಮನಸ್ಸಿನಲ್ಲಿಯೇ ಹೇಳಿದೆ.

ಪಂಚಮಿಯ ಮರುದಿನ ಮಠದ ಗುರುಪಾದಯ್ಯನವರು ಬಂದರು. ಮಠದ ಸ್ವಾಮಿಗಳಾದ ಅಜ್ಜಾರು ದಾಸೋಹದ ವ್ಯವಸ್ಥೆ ಎಲ್ಲ ಅವರಿಗೇ ವಹಿಸಿದ್ದರು. ಅಂದಪ್ಪ ಮಾರುಕಟ್ಟೆಯಲ್ಲಿ ಗೋವಿನಜೋಳ ತೂಗುತ್ತಿದ್ದ. ಅವರು ಎಲೆ ಅಡಿಕೆ ಕೈಗಿಟ್ಟು, "ಅಂದಪ್ಪ, ನಿನ್ನ ಭಕ್ತಿ ಸುದ್ದಿ ಅಜ್ಜಾರ ತನಕ ಮುಟ್ಟೈತಿ. ಬರೋ ಸೋಮವಾರ ನಿನ್ನ ತುಲಾಭಾರ ಇಟ್ಟೀವಿ. ಹನ್ನೊಂದಕ್ಕ ಬಾ," ಎಂದರು.

ಅಂದಪ್ಪ ಆಗ ತಾನೇ ಒಂದು ಚೀಲದ ತೂಕ ಕೂಗಿದ್ದ. ರೂಢಿಯಂತೆ, "ಹೂಂ, ಆತು," ಎಂದ.

ಗುರುಪಾದಯ್ಯನವರು ಹೋದ ಎಷ್ಟೋ ಹೊತ್ತಿನ ಮೇಲೆ, ಮುಂದಿನ ಆರು ಚೀಲ ತೂಗಿ ಮುಗಿದ ಮೇಲೆ, ಅವನಿಗೆ ಆ ಮಾತಿನ ಅರ್ಥ ಹೊಳೆಯಿತು. ಓಡಿ ನನ್ನ ಮನೆಗೆ ಬಂದ.

"ಮಾಸ್ತರ್ರ, ನಾ ಯಾವಾಗ ಹರಕಿ ಹೊತ್ತೆ?"

"ನೀ ನೆನಪು ಮಾಡ್ಕೋ," ಎಂದೆ. ಪಾಠಶಾಲೆಯಲ್ಲಿ ಉತ್ತರ ಗೊತ್ತಿದ್ದೂ ಹೇಳಬಾರದ ಹೊತ್ತಿಗೆ ನಾವು ಹೇಳುತ್ತಿದ್ದುದು ಇದನ್ನೇ.

"ಹೊತ್ತಿಲ್ಲರೀ! ಇಷ್ಟು ಲಗೂ ಬೆಲ್ಲ ಎಲ್ಲಿಂದ ತರ್ಲಿ?"

ಅಳುಕುತ್ತ ಮನೆಗೆ ಹೋಗಿ ಕಲ್ಲವ್ವನಿಗೆ, "ಸೋಮವಾರ ತುಲಾಭಾರಂತ. ಬೆಲ್ಲ ಬೇಕಂತ," ಎಂದ.

ಕಲ್ಲವ್ವ ಬೆವೆತಳು. ಗಂಡನಿಗೆ ಎಲ್ಲ ತಿಳಿದೇ ಹೋಯಿತೆಂದು ನಿಶ್ಚಯವಾಯಿತು. ಜೋಳದ ಚೀಲ ಸರಿಸಿ ತೋರಿಸಿದಳು. ಹಿಂದೆ ಐದು ಪೆಂಟಿ ಬೆಲ್ಲ, ಗೋಣಿತಟ್ಟಿನ ಕೆಳಗೆ, ಕೂಸು ಮಲಗಿದ ಹಾಗೆ.

ಅಂದಪ್ಪ ದಿಗಿಲುಬಿದ್ದು ಗೋಡೆಯ ಈಚೆಗೆ ಬಂದ. "ಮಾಸ್ತರ್ರ, ನಾ ಹರಕಿ ಹೊತ್ತದ್ದು ಖರೇ ಇರಬೇಕು. ಮಠಕ್ಕ ಗೊತ್ತೈತಿ, ಊರಿಗೆ ಗೊತ್ತೈತಿ, ಹೆಂಡ್ತಿ ಬೆಲ್ಲಾನೂ ತರಿಸ್ಯಾಳ. ನನಗೊಬ್ಬಗ ಮರತೈತಿ!"

ಸೋಮವಾರ ಮಠದ ಅಂಗಳ ತುಂಬಿತ್ತು. ತೊಲೆಗೆ ಸರಪಳಿಯಿಂದ ದೊಡ್ಡ ತಕ್ಕಡಿ ಕಟ್ಟಿದ್ದರು. ಅದರ ಹಲಗೆ ಮೊಣಕಾಲಿನ ಎತ್ತರಕ್ಕಿತ್ತು. ಹಮಾಲರು ಬಂದರು, ರೈತರು ಬಂದರು, ಡಾಕ್ಟರು ನಾಜಮೀನ ದವಾಖಾನೆಗೆ ಅರ್ಧ ತಾಸು ಬಿಡುವು ಕೊಟ್ಟು ಬಂದರು. ಓಣಿಯ ಹೆಣ್ಣುಮಕ್ಕಳು ಪಂಚಮಿಯಲ್ಲಿ ಉಳಿದ ಉಂಡಿಯ ಡಬ್ಬಿ ಹಿಡಿದು ಬಂದರು, ತೂಕದ ದಿನ ಅಂದಪ್ಪಣ್ಣ ಸೊರಗಿ ಕಾಣಬಾರದೆಂದು. ಶಿರೋಳದಿಂದ ಕಲ್ಲವ್ವನ ತಮ್ಮ ತೋಟಪ್ಪ ಒಂದು ಪೆಂಟಿ ಬೆಲ್ಲ ಹೆಗಲ ಮೇಲೆ ಹೊತ್ತು ಬಂದ. ತೋಟಪ್ಪ ಬಾಗಿಲು ತುಂಬುವಂಥ ಆಳು. ಅಂದಪ್ಪನನ್ನು ಕಂಡಾಗಲೆಲ್ಲ ಬೆನ್ನು ತಟ್ಟುವುದು ಅವನ ಪ್ರೀತಿ. ಅದನ್ನು ತಾಳಿಕೊಳ್ಳುವುದು ಅಂದಪ್ಪನ ಕಷ್ಟ.

"ಏನ್ ಮಾವಾ, ಗಾಳಿ ಬಿಟ್ರ ಹಾರ್ತಿದ್ದವ ತಕ್ಕಡಿ ಏರಾಕ ಬಂದಿ?" ಎಂದು ಒಂದು ತಟ್ಟಿದ. ಅಂದಪ್ಪ ಅಲುಗಾಡಲಿಲ್ಲ. ತೋಟಪ್ಪ ತನ್ನ ಅಂಗೈ ನೋಡಿಕೊಂಡ.

ಅಜ್ಜಾರು ಬಂದು ಗದ್ದುಗೆಗೆ ನಮಸ್ಕರಿಸಿ ಕುಳಿತರು. ಎಂಬತ್ತು ದಾಟಿದವರು, ಮಾತು ಕಡಿಮೆ. "ಹರಕಿ ಯಾತಕ್ಕ ಹೊತ್ತೀಯಪಾ?" ಎಂದು ಅಂದಪ್ಪನನ್ನು ಕೇಳಿದರು.

ಮಾರುಕಟ್ಟೆಯಲ್ಲಿ ಏನಾದರೂ ಆಗಲಿ, ಗದ್ದುಗೆಯ ಮುಂದೆ ಅಂದಪ್ಪನಿಂದ ಸುಳ್ಳು ಆಗದು. ಕೈ ಮುಗಿದು ಹೇಳಿದ: "ಅಜ್ಜಾರ, ಎಷ್ಟ ನೆನಪು ಮಾಡಿದ್ರೂ ನಾ ಹರಕಿ ಹೊತ್ತದ್ದು ನೆನಪಾಗವಲ್ದು. ನಾ ಬರೇ ಊಟ ಮಾಡೀನಿ."

ಸುಶೀಲವ್ವನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕೆಳಗೆ ಬಿದ್ದು ಬಹಳ ಹೊತ್ತು ತಿರುಗಿತು.

"ಹೊತ್ತಾಕಿ ನಾನ್ರಿ ಅಜ್ಜಾರ," ಎಂದು ಕಟ್ಟೆಯ ಮೇಲೆ ಕುಳಿತಿದ್ದ ಕಲ್ಲವ್ವ ಅಳುದನಿಯಲ್ಲಿ ಎಲ್ಲ ಹೇಳಿದಳು. ಕಾಲು ಹೇಳಿದಳು, ಬೆಲ್ಲ ಹೇಳಿದಳು, ಇಲ್ಲದ ಬೆಕ್ಕನ್ನೂ ಹೇಳಿದಳು. "ಅವ್ರು ಹಗುರ ಅದಾರಂತ ಅವರ ತೂಕ ಹೇಳಿಬಿಟ್ಟೆ. ತಪ್ಪಾತ್ರಿ."

ಅಜ್ಜಾರು ನಕ್ಕರು. ನಾನು ಅವರನ್ನು ನಲವತ್ತು ವರ್ಷದಿಂದ ಬಲ್ಲೆ, ಹಾಗೆ ನಕ್ಕದ್ದನ್ನು ನೋಡಿರಲಿಲ್ಲ. "ಯವ್ವಾ, ಕಾಲು ನಿಂದು, ಗುಣ ಆದದ್ದು ನಿನಗ. ನೀ ಕುಂದ್ರು."

"ಬ್ಯಾಡ್ರಿ ಅಜ್ಜಾರ! ಸರಪಳಿ ಹರದೀತು!"

"ಮಠದ ಸರಪಳಿ ಐತಿ, ಕುಂದ್ರು."

ಕಲ್ಲವ್ವ ಎದ್ದು ಹಲಗೆಯ ಹತ್ತಿರ ಬಂದಳು. ಗಜೇಂದ್ರಗಡದಲ್ಲಿ ನೇಯ್ದ ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ಎತ್ತಿದಳು. ಮೊಣಕಾಲು ಬಗ್ಗಲಿಲ್ಲ. ಮತ್ತೆ ಎತ್ತಿದಳು. ಮೆಲ್ಲನೆ ಹೋಗಿ ಕಟ್ಟೆಯ ಮೇಲೆ ಕುಳಿತು, ಮುಖಕ್ಕೆ ಸೆರಗು ಹಿಡಿದಳು.

"ಸರೀರಿ, ನಾ ಎತ್ತತೀನಿ. ಕನಕಪ್ಪಣ್ಣ, ನೀನೂ ಬಾ," ಎಂದು ತೋಟಪ್ಪ ತೋಳು ಏರಿಸಿದ.

"ತೋಟಪ್ಪ, ನಿಂದ್ರು," ಎಂದ ಅಂದಪ್ಪ.

"ಮಾವಾ, ನಿನ್ನ ಕೈಲೆ ಆಗೂ ಕೆಲಸ ಅಲ್ಲ ಇದು."

"ನಿಂದ್ರಪಾ ಅಂದ್ರ ನಿಂದ್ರು."

ಅಂದಪ್ಪ ರುಮಾಲು ತೆಗೆದು ನನ್ನ ಕೈಗೆ ಕೊಟ್ಟ. ಚಪ್ಪಲಿ ಮೊದಲೇ ಬಿಟ್ಟಿದ್ದ. ಕಟ್ಟೆಯ ಮುಂದೆ ಬಂದು, ಬೆನ್ನು ನೆಟ್ಟಗೆ ಮಾಡಿ, ಮೊಣಕಾಲು ಬಗ್ಗಿಸಿದ.

"ರೀ, ಬ್ಯಾಡ್ರಿ. ಎಲ್ಲಾರ ಮುಂದ ಇಬ್ರೂ ಬೀಳೂಣು," ಎಂದಳು ಕಲ್ಲವ್ವ.

"ಕೊಳ್ಳಿಗೆ ಕೈ ಹಾಕು."

"ಅಜ್ಜಾರ ಮುಂದ?"

"ಹಾಕಂದ್ರ ಹಾಕು."

ಆಕೆ ಹಾಕಿದಳು. ಅವನು ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲ ಕೆಳಗೆ ಕೊಟ್ಟು ಉಸಿರು ಎಳೆದ. ಒಂದು ಕ್ಷಣ ಏನೂ ಆಗಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಡಾಕ್ಟರು ನಾಜಮೀನ ಗುಂಪಿನಿಂದ, "ಎದಿಗೆ ಹತ್ತರ, ಕಾಕಾ, ಎದಿಗೆ ಹತ್ತರ!" ಎಂದು ಕೂಗಿದರು. ಅಂದಪ್ಪ ಹೆಂಡತಿಯನ್ನು ಎದೆಗೆ ಅವಚಿಕೊಂಡ. ಹೆಣ್ಣುಮಕ್ಕಳೆಲ್ಲ ಒಮ್ಮೆಲೇ ಬಾಯಿಗೆ ಸೆರಗು ಇಟ್ಟುಕೊಂಡರು. ಅವನು ಎದ್ದ.

ಎದ್ದು ನಿಂತ. ಕಾಲು ನಡುಗಿದವು, ಆದರೆ ನಿಂತವು. ಒಂದು ಹೆಜ್ಜೆ, ಎರಡು, ಮೂರು. ಮೆಲ್ಲಗೆ ಬಗ್ಗಿ ಆಕೆಯನ್ನು ಹಲಗೆಯ ಮೇಲೆ ಕೂರಿಸಿದ. ನನ್ನ ಕೈಯಲ್ಲಿದ್ದ ರುಮಾಲು ಯಾವಾಗ ಕಣ್ಣಿಗೆ ಹೋಯಿತೋ ತಿಳಿಯದು.

ಎಲ್ಲ ಇಲ್ಲಿಗೇ ಮುಗಿದಿದ್ದರೆ ಬಹಳ ಗಂಭೀರವಾದ ಪ್ರಸಂಗವಾಗುತ್ತಿತ್ತು. ಆದರೆ ಮೂವತ್ತೊಂದು ವರ್ಷದ ರೂಢಿ ಎಲ್ಲಿ ಹೋದೀತು? 'ಈಕೆಯ ತೂಕವೂ ಸಿಕ್ಕಿತು' ಎಂಬ ಆನಂದದಲ್ಲಿ ಅಂದಪ್ಪ ತಲೆಯೆತ್ತಿ, ಮಠದ ಅಂಗಳದ ಆ ತುದಿಗೆ ಕೇಳುವಂತೆ ಕೂಗಿದ:

"ಅರವತ್ತೆಂಟೂ!"

ಕಲ್ಲವ್ವ ಮೂವತ್ತು ವರ್ಷ ತವರುಮನೆಗೂ ಹೇಳದೆ ಕಾಯ್ದುಕೊಂಡ ಅಂಕಿ ನರಗುಂದಕ್ಕೆಲ್ಲ ಕೇಳಿತು.

"ಹೂಂ, ಆತು," ಎಂದು ಕೂಡ ಸೇರಿಸಿದ.

ಬೆಲ್ಲ ಇಟ್ಟರು. ಕಲ್ಲವ್ವನ ಐದು ಪೆಂಟಿ ಇಟ್ಟರು. ತೋಟಪ್ಪ ತನ್ನ ಹತ್ತು ಕಿಲೋದ ಪೆಂಟಿ ಇಟ್ಟ. ಹಲಗೆ ಇನ್ನೂ ಏಳಲಿಲ್ಲ. ಆಗ ಸುಶೀಲವ್ವ ಮುಂದೆ ಬಂದು ತನ್ನ ಡಬ್ಬಿಯ ಉಂಡಿಗಳನ್ನು ಸುರುವಿದಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿನ ಉಂಡಿ, ಒಬ್ಬೊಬ್ಬರಾಗಿ ಎಲ್ಲರೂ ಸುರುವಿದರು. ಅಂದಪ್ಪನಿಗೆಂದು ತಂದದ್ದು ಅಂದಪ್ಪನ ಹೆಂಡತಿಯ ಪಾಲಿಗೆ ಹೋಯಿತು. ಕಡೆಯ ಒಂದು ಎಳ್ಳುಂಡಿ ಇಟ್ಟಾಗ ಕಲ್ಲವ್ವ ಮೆಲ್ಲಗೆ ಮೇಲೆದ್ದಳು. ಆಮೇಲೆ ಗುರುಪಾದಯ್ಯನವರು ಉಂಡಿಗಳನ್ನಷ್ಟೇ ಬೇರೆ ತೂಗಿಸಿದರು. ಎಂಟು ಕಿಲೋ, ಒಂದು ತೊಲೆ ಹೆಚ್ಚಿಲ್ಲ, ಒಂದು ತೊಲೆ ಕಡಿಮೆ ಇಲ್ಲ.

ಡಾಕ್ಟರು ಅಂದಪ್ಪನ ತೋಳು ಮುಟ್ಟಿ ನೋಡಿ, "ಇನ್ನ ಬಿಡಬ್ಯಾಡ್ರಿ ಕಾಕಾ, ಹಿಂಗ ನಡೀಲಿ," ಎಂದರು. ತೋಟಪ್ಪ ಬೆನ್ನು ತಟ್ಟಲು ಕೈ ಎತ್ತಿದವನು, ಏನೋ ನೆನಪಾಗಿ, ಆ ಕೈಯಿಂದ ನಮಸ್ಕಾರ ಮಾಡಿದ.

ಸಂಜೆ ಮಠದಿಂದ ಮನೆಗೆ ಬಂದ ಮೇಲೆ ನಾನು ದೀಪ ಹಚ್ಚಿ ಕುಳಿತಿದ್ದೆ. ಸುಶೀಲವ್ವ ಬಂದು ನಮ್ಮ ಮನೆಯ ತಂಬಿಗೆ ಕೊಟ್ಟುಹೋದಳು. ಹಾಲು ಕುಡಿದು ಅಂದಪ್ಪ ಮಠಕ್ಕೇ ಒಯ್ದುಬಿಟ್ಟಿದ್ದನಂತೆ. 'ಸಿದ್ದವ್ವ' ಎಂಬ ಅಕ್ಷರದವರೆಗೆ ಬಿಸಿ ಮಾದಲಿ ತುಂಬಿತ್ತು. ದೇವರ ಮುಂದೆ ಇಟ್ಟು ಕೈ ಮುಗಿದು ಉಂಡೆ.

ಆಗ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು.

"ಊರಾಗ ನನ್ನ ಮರ್ಯಾದಿ ಉಳೀತೇನ್ರಿ? ಅರವತ್ತೆಂಟಂತ!"

"ಅರವತ್ತೆಂಟ ಐತಿ. ನಾ ಏನ್ ಸುಳ್ಳ ಹೇಳ್ಲಿ?"

"ಸುಮ್ನ ಊಟ ಮಾಡ್ರಿ. ಇದು ನಾಲ್ಕನೇದ್ದು. ಮೊಸರು ಅಲ್ಲೈತಿ, ಗಟ್ಟಿದ್ದು."

"ನೀ ಎಷ್ಟ ಹಾಕ್ಕೊಂಡಿ?"

"ಎರಡು. ಇವತ್ತಿನಿಂದ ಎರಡ ತಿಂತೀನಿ. ನೀವೂ ಐದನೇದ್ದು ತಗೋರಿ." ರೊಟ್ಟಿ ತಾಟಿಗೆ ಬಿದ್ದ ಸದ್ದಾಯಿತು. "ಮುಂದಿನ ಶ್ರಾವಣಕ್ಕ ನಾ ಎಪ್ಪತ್ತ ಆಗಾಕಿ."